ಬೇರಿಂಗ್ ಹೋದ ಸಂಗೀತ

ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುವಾಗ ಬಟ್ಟೆ ಬ್ಯಾಗಿನ ಜೊತೆ ಚೌಕದ ಒಂದು ಪೊಟ್ಟಣ ಹಿಡಿದುಕೊಂಡು ಬಂದಿದ್ದ. ನೀರು ತಾಗಬಾರದು ಅಂತ ಅದಕ್ಕೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿದ್ದ. ಬಿಚ್ಚಿದರೆ ಗ್ರಾಮಾಫೋನ್ ಪ್ಲೇಟು. ಕಪ್ಪು ರಟ್ಟಿನ ಹೊದಿಕೆ, ಒಳಗೆ ಎರಡು ದೊಡ್ಡ ಪ್ಲೇಟು, ಒಂದೊಂದು ಬದಿಗೆ ಎರಡೆರಡು ಟ್ರ್ಯಾಕು. ಎಂಟೂ ಬೇರೆ ಬೇರೆಯವರದ್ದು.

"ಏನೋ ಇದು?" ಅಂದೆ.

"ಇಂಡಸ್ಟ್ರಿಯಲ್ ಟೆಕ್ನೋ ಚಿಕ್ಕಪ್ಪ. ನಾಯ್ಸ್ ಕೂಡ ಇದೆ. ಸ್ವಲ್ಪ ಡಾರ್ಕ್" ಅಂದ.

ಎರಡನೇ ಟ್ರ್ಯಾಕು ಶುರುವಾಗಿ ಎರಡು ನಿಮಿಷ ಆಗಿರಬೇಕು. ದೇವರ ಮನೆಯಿಂದ ಅಮ್ಮ ಕೂಗಿದರು: "ಯಾರ್ರೋ ಅದು, ಮಿಕ್ಸಿ ಖಾಲಿ ಓಡ್ತಿದೆ, ಆಫ್ ಮಾಡ್ರೋ!" ದೊಡ್ಡಪ್ಪ ಪೇಪರ್ ಕೆಳಗಿಟ್ಟು ಕಿವಿ ಕೊಟ್ಟರು. ಅವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸ್ವಲ್ಪ ಹೊತ್ತು ಕೇಳಿ, "ಇದು ಬೇರಿಂಗ್ ಹೋಗಿರೋ ಶಬ್ದ ಕಣೋ. ಗ್ರೀಸ್ ಹಾಕ್ಸು" ಅಂದರು.

ಎಲ್ಲರೂ ನಕ್ಕೆವು. ಆದರೆ ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಅದು ಗೊತ್ತಾಗಿದ್ದು ಒಂದು ವಾರದ ಮೇಲೆ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮುಂಚೆ, ಈ ಗದ್ದಲ ಅಂದರೇನು, ಇದನ್ನು ದುಡ್ಡು ಕೊಟ್ಟು ಯಾಕೆ ಕೇಳುತ್ತಾರೆ, ಫೋನಿನಲ್ಲಿ ಎಲ್ಲ ಸಿಗುವ ಈ ಕಾಲದಲ್ಲಿ ಅದನ್ನು ಪ್ಲೇಟಿಗೇ ಯಾಕೆ ಹಾಕುತ್ತಾರೆ ಅನ್ನುವುದನ್ನು ನೋಡೋಣ.

ಮೊದಲು ಶಬ್ದದ ವಿಷಯ. ವೀಣೆಯ ತಂತಿ ಮೀಟಿದರೆ ಅದು ಒಂದೇ ಲೆಕ್ಕದಲ್ಲಿ ಅದುರುತ್ತದೆ. ಸೆಕೆಂಡಿಗೆ ಇಷ್ಟು ಸಲ ಅಂತ. ಆ ಲೆಕ್ಕ ಸ್ಥಿರವಾಗಿದ್ದರೆ ಕಿವಿಗೆ ಅದು ಸ್ವರ. ಲೆಕ್ಕವೇ ಇಲ್ಲದೆ ಅದುರಿದರೆ ಸ್ವರ ಹಿಡಿಯೋಕೆ ಸಿಗುವುದಿಲ್ಲ, ಅದು ಸದ್ದು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಗಡಿನ ಮಾಡಿನ ಮೇಲೆ ಮೊದಲ ಹನಿ ಬಿದ್ದಾಗ ಟಪ್ ಅನ್ನುತ್ತದೆ. ಎರಡನೆಯದು, ಮೂರನೆಯದು, ಎಣಿಸಬಹುದು. ಐದು ನಿಮಿಷ ಬಿಟ್ಟು ಧೋ ಅಂತ ಹಿಡಿದುಕೊಂಡಾಗ ಒಂದು ಹನಿಯೂ ಬೇರೆಯಾಗಿ ಕೇಳುವುದಿಲ್ಲ. ಸಣ್ಣ ಸದ್ದು, ದಪ್ಪ ಸದ್ದು, ಚೂಪು ಸದ್ದು ಎಲ್ಲ ಒಟ್ಟಿಗೆ ಬಂದು ಒಂದು ಗೋಡೆ ಎದ್ದ ಹಾಗೆ ಆಗುತ್ತದೆ. ಹೀಗೆ ಎಲ್ಲ ಕಂಪನಗಳೂ ಸರಿಸಮವಾಗಿ ಬೆರೆತ ಸದ್ದಿಗೆ ವೈಟ್ ನಾಯ್ಸ್ ಅನ್ನುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳುವ ಆಗುಂಬೆಯಲ್ಲಿ ಜನ ಅದಕ್ಕೆ ಹತ್ತಿರದ ಸದ್ದಿನಲ್ಲೇ ನಿದ್ದೆ ಮಾಡುತ್ತಾರೆ. ಮಳೆ ನಿಂತರೇ ಎಚ್ಚರ.

ನಾಯ್ಸ್ ಸಂಗೀತದವರ ಕಚ್ಚಾ ಸಾಮಾನು ಇದೇ. ಇದರ ಜೊತೆಗೆ ಇನ್ನೂ ಒಂದೆರಡು ಉಂಟು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಷ್ಟ್ರು ಮೈಕ್ ಹಿಡಿದು ಸ್ಪೀಕರ್ ಹತ್ತಿರ ಹೋದ ಕೂಡಲೇ ಕುಂಯ್ ಅಂತ ಕೂಗುತ್ತದಲ್ಲ, ಅದು ಫೀಡ್‌ಬ್ಯಾಕ್. ಮೈಕ್ ಕೇಳಿದ್ದನ್ನು ಸ್ಪೀಕರ್ ಹೇಳುತ್ತದೆ, ಸ್ಪೀಕರ್ ಹೇಳಿದ್ದನ್ನು ಮೈಕ್ ಮತ್ತೆ ಕೇಳುತ್ತದೆ, ಹೀಗೆ ಸುತ್ತುತ್ತಾ ಸುತ್ತುತ್ತಾ ದೊಡ್ಡದಾಗುತ್ತದೆ. ಇನ್ನೊಂದು ಡಿಸ್ಟಾರ್ಷನ್. ಮದುವೆ ಮನೆಯ ಮೈಕ್‌ಸೆಟ್ಟಿನವನು ಆಂಪ್ಲಿಫೈಯರ್ ತಾಕತ್ತಿಗಿಂತ ಜಾಸ್ತಿ ತಿರುಗಿಸಿದಾಗ ಹಾರನ್ನಿನಲ್ಲಿ ಹಾಡು ಒಡೆದು ಬರುತ್ತದೆ. ಆಗ ಸದ್ದಿನ ಅಲೆಯ ತಲೆ ಮೇಲಕ್ಕೆ ಹೋಗೋಕೆ ಜಾಗ ಇಲ್ಲದೆ ಚಪ್ಪಟೆಯಾಗಿ ಕತ್ತರಿಸಿ ಹೋಗಿರುತ್ತದೆ. ಆ ಕತ್ತರಿಸಿದ ಅಂಚಿನಿಂದ ಮೂಲ ಹಾಡಿನಲ್ಲಿ ಇಲ್ಲದ ಹೊಸ ಚೂಪು ಸದ್ದುಗಳು ಹುಟ್ಟುತ್ತವೆ. ಮೈಕ್‌ಸೆಟ್ಟಿನವನಿಗೆ ಅದು ತಪ್ಪು. ಇವರಿಗೆ ಅದೇ ವಾದ್ಯ. ಟೋಕಿಯೋದಲ್ಲಿ 1979ರ ಹೊತ್ತಿಗೆ ಮೆರ್ಜ್‌ಬೋ ಅನ್ನುವ ಹೆಸರಲ್ಲಿ ಶುರುಮಾಡಿದ ಮಸಾಮಿ ಅಕಿತಾ ಬಹುತೇಕ ಇಂಥ ಸದ್ದುಗಳಿಂದಲೇ ಆಲ್ಬಮ್ ಮೇಲೆ ಆಲ್ಬಮ್ ಮಾಡುತ್ತಾ ಬಂದಿದ್ದಾರೆ. ನೂರಾರು ಆಗಿವೆ. ನನಗೆ ಪೂರ್ತಿ ಕೇಳೋಕೆ ಆಗಿದ್ದು ಒಂದೋ ಎರಡೋ.

ಇದೆಲ್ಲ ಸಂಗೀತವಾ ಅಂತ ಕೇಳುವವರಿಗೆ ನಾನು ಕೊಡುವ ಉದಾಹರಣೆ ಯಕ್ಷಗಾನದ್ದು. ನಡುರಾತ್ರಿ ದಾಟಿದ ಮೇಲೆ ಬಣ್ಣದ ವೇಷ ಬರುತ್ತದೆ. ಮೊದಲು ಪರದೆ ಹಿಂದೆ ಅಬ್ಬರ. ಚಂಡೆ ಎಡೆಬಿಡದೆ ಬಡಿಯುತ್ತದೆ, ಜಾಗಟೆಯೋ ತಾಳವೋ ಅದಕ್ಕೆ ಸೇರುತ್ತದೆ, ರಾಕ್ಷಸ ಆರ್ಭಟಿಸುತ್ತಾನೆ. ಅಮ್ಮನ ಮಡಿಲಲ್ಲಿ ನಿದ್ದೆ ಹೋದ ಮಕ್ಕಳು ಎದ್ದು ಅಳುತ್ತವೆ. ಆ ಹೊತ್ತಿಗೆ ಯಾರೂ ಇದು ಯಾವ ರಾಗ ಅಂತ ಕೇಳುವುದಿಲ್ಲ ಅಲ್ವಾ? ಹೆದರಿಸಬೇಕಾಗಿತ್ತು, ಹೆದರಿಸಿತು. ಡಾರ್ಕ್ ಅಂತ ಅಣ್ಣನ ಮಗ ಹೇಳಿದ್ದು ಈ ಅರ್ಥದಲ್ಲೇ. ಆ ಕತ್ತಲನ್ನು ಮಾಡುವ ಉಪಾಯವೂ ಗುಟ್ಟಿನದ್ದೇನಲ್ಲ. ತಳದ ದಪ್ಪ ಸದ್ದು ಜಾಸ್ತಿ ಇಡುತ್ತಾರೆ. ಪ್ರತಿಧ್ವನಿಯನ್ನು ಉದ್ದಕ್ಕೆ ಎಳೆಯುತ್ತಾರೆ. ಒಂದು ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದರಿಂದ ನಮ್ಮ ಕಿವಿ ಜಾಗದ ಅಳತೆ ಹಾಕುತ್ತದೆ. ನಾಲ್ಕೈದು ಸೆಕೆಂಡು ಉಳಿದರೆ, ಕಣ್ಣು ಮುಚ್ಚಿ ಕೂತವನಿಗೆ ಯಾರೂ ಇಲ್ಲದ ದೊಡ್ಡ ಗೋದಾಮಿನಲ್ಲಿ ನಿಂತ ಹಾಗೆ ಆಗುತ್ತದೆ.

ಗೋದಾಮು, ಕಾರ್ಖಾನೆ ಅನ್ನುವ ಮಾತು ಸುಮ್ನೆ ಬಂದಿದ್ದಲ್ಲ. ಈ ಸಂಗೀತ ಹುಟ್ಟಿದ್ದೇ ಅಂಥ ಊರುಗಳಲ್ಲಿ. ಇಟಲಿಯ ಚಿತ್ರಕಾರ ಲೂಯಿಜಿ ರುಸ್ಸೊಲೊ 1913ರಲ್ಲೇ, ಯಂತ್ರಗಳು ಬಂದ ಮೇಲೆ ಪಿಟೀಲು ಮಾತ್ರ ಸಾಕಾಗುವುದಿಲ್ಲ, ಗದ್ದಲವೂ ಸಂಗೀತಕ್ಕೆ ಬರಬೇಕು ಅಂತ ಬರೆದ. ಬರೆದು ಸುಮ್ಮನಿರಲಿಲ್ಲ. ಮರದ ಪೆಟ್ಟಿಗೆಗೆ ದೊಡ್ಡ ಕಹಳೆ ಜೋಡಿಸಿ, ಹಿಡಿಕೆ ತಿರುಗಿಸಿದರೆ ಗುಡುಗುವ, ಕಿರುಚುವ ವಾದ್ಯಗಳನ್ನು ಮಾಡಿದ. 1914ರಲ್ಲಿ ಮಿಲಾನಿನಲ್ಲಿ ಅವುಗಳ ಕಛೇರಿ ಇಟ್ಟಾಗ ಸಭೆಯಲ್ಲಿ ಹೊಡೆದಾಟವೇ ಆಯಿತು. ಆ ಪೆಟ್ಟಿಗೆಗಳಲ್ಲಿ ಒಂದೂ ಇವತ್ತು ಉಳಿದಿಲ್ಲ.

1948ರಲ್ಲಿ ಫ್ರಾನ್ಸಿನ ರೇಡಿಯೋದಲ್ಲಿ ಎಂಜಿನಿಯರ್ ಆಗಿದ್ದ ಪಿಯರ್ ಶೆಫೆರ್ ಪ್ಯಾರಿಸ್ಸಿನ ರೈಲು ನಿಲ್ದಾಣಕ್ಕೆ ಹೋಗಿ ಎಂಜಿನ್ನುಗಳ ಸದ್ದು ಹಿಡಿದು ತಂದು, ಅದನ್ನು ಕತ್ತರಿಸಿ ಜೋಡಿಸಿ ಒಂದು ರಚನೆ ಮಾಡಿದ. ಟೇಪು ಅವನ ಕೈಗೆ ಇನ್ನೂ ಬಂದಿರಲಿಲ್ಲ. ಎಲ್ಲ ಪ್ಲೇಟಿನ ಮೇಲೆ. ಪ್ಲೇಟಿನಲ್ಲಿ ಮುಳ್ಳು ಓಡುವ ಗೆರೆಯನ್ನು ಸುರುಳಿಯಾಗಿ ಬಿಡದೆ ಅದರ ಬಾಲವನ್ನು ಅದಕ್ಕೇ ಸೇರಿಸಿದರೆ ಮುಳ್ಳು ಅಲ್ಲೇ ಸುತ್ತುತ್ತದೆ, ಸದ್ದು ಮತ್ತೆ ಮತ್ತೆ ಬರುತ್ತದೆ ಅಂತ ಅವನು ಕಂಡುಕೊಂಡ. ಲೂಪ್ ಅಂತ ಇವತ್ತು ಏನು ಹೇಳುತ್ತೇವೋ ಅದರ ಮೊದಲ ರೂಪ ಇದು. ಈ ಬೀಗ ಹಾಕಿದ ಗೆರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇಂಡಸ್ಟ್ರಿಯಲ್ ಅನ್ನುವ ಹೆಸರು ಅಂಟಿದ್ದು ಇನ್ನೂ ತಡವಾಗಿ. ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಸ್ವಂತ ಕಂಪನಿ ಮಾಡಿಕೊಂಡಿತು. ಅತ್ತ ಚಾಕು, ಚಮಚಗಳಿಗೆ ಹೆಸರಾದ ಉಕ್ಕಿನ ಊರು ಶೆಫೀಲ್ಡಿನಲ್ಲಿ ಕ್ಯಾಬರೆ ವೋಲ್ಟೇರ್ ತಂಡ 1973ರಿಂದಲೇ ಟೇಪು, ಯಂತ್ರಗಳ ಜೊತೆ ಆಟ ಆಡುತ್ತಿತ್ತು. ಪಶ್ಚಿಮ ಬರ್ಲಿನ್ನಿನಲ್ಲಿ 1980ರಲ್ಲಿ ಶುರುವಾದ ಐನ್‌ಸ್ಟುರ್ಟ್ಸೆಂಡ ನಾಯ್‌ಬೌಟನ್ ತಂಡ ತಗಡು, ಡ್ರಿಲ್ಲು, ಗುಜರಿ ಸಾಮಾನು ಬಾರಿಸಿತು. ಆ ಹೆಸರಿಗೆ 'ಕುಸಿಯುತ್ತಿರುವ ಹೊಸ ಕಟ್ಟಡಗಳು' ಅಂತ ಅರ್ಥ. ಇವರಲ್ಲಿ ಒಂದಷ್ಟು ಜನ ನೋಡುವವರನ್ನು ಬೆಚ್ಚಿಬೀಳಿಸಬೇಕು ಅಂತಲೇ ಯುದ್ಧ, ಸಾವು, ಸರ್ವಾಧಿಕಾರಿಗಳ ಚಿಹ್ನೆಗಳನ್ನು ಹೊದಿಕೆ ಮೇಲೆ ಹಾಕಿದರು. ಇಂಡಸ್ಟ್ರಿಯಲ್ ರೆಕಾರ್ಡ್ಸ್ ತನ್ನ ಲಾಂಛನಕ್ಕೆ, ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದ ಆಶ್‌ವಿಟ್ಜ್ ಶಿಬಿರದ ಫೋಟೋ ಬಳಸಿತ್ತು. ಎಚ್ಚರಿಸೋಕೆ ಹಾಕಿದ್ದು ಅಂತ ಸಮರ್ಥನೆ ಇದೆ. ನನ್ನನ್ನು ಕೇಳಿದರೆ ಅದರಲ್ಲಿ ಅರ್ಧಕ್ಕರ್ಧ ಹುಡುಗಾಟ. ಸದ್ದು ಚೆನ್ನಾಗಿದೆ ಅಂತ ಹೊದಿಕೆಯನ್ನೂ ಒಪ್ಪಬೇಕಾಗಿಲ್ಲ.

ಇದೆಲ್ಲ ಕೇಳುವಾಗ ದೊಡ್ಡಪ್ಪನಿಗೆ ಆಶ್ಚರ್ಯ ಆಗಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ. ಅದರ ಸೈರನ್ನಿಗೆ ಊರು ಎದ್ದು, ಉಂಡು, ಮಲಗುತ್ತಿತ್ತು ಅಂತ ಅವರು ಹೇಳುತ್ತಾರೆ. "ಶಿಫ್ಟ್ ಮುಗಿಸಿ ಮನೆಗೆ ಬಂದ್ರೂ ಕಿವಿಯಲ್ಲಿ ಮಿಲ್ ಓಡ್ತಾನೇ ಇರ್ತಿತ್ತು. ಅದು ನಿಂತ ದಿನ ನಿದ್ದೆ ಬರ್ಲಿಲ್ಲ" ಅಂದರು. ಪಕ್ಕದ ಕಾಗದದ ಮಿಲ್ಲಿನ ಯಂತ್ರಗಳು ನಿಂತು ವರ್ಷಗಳೇ ಆದವು. ಶೆಫೀಲ್ಡ್ ಆಗಲಿ ಅಮೆರಿಕದ ಡೆಟ್ರಾಯಿಟ್ ಆಗಲಿ, ಈ ಸಂಗೀತ ಬೆಳೆದ ಊರುಗಳಲ್ಲೂ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಯಂತ್ರ ಓಡುವ ಊರಿನ ಸಂಗೀತ ಅನ್ನುವುದಕ್ಕಿಂತ, ಯಂತ್ರ ನಿಂತ ಮೇಲೂ ಕಿವಿಯಲ್ಲಿ ಉಳಿದ ಸದ್ದು ಅನ್ನುವುದು ಹೆಚ್ಚು ಸರಿ ಅಂತ ನನಗೆ ಅನ್ನಿಸುತ್ತದೆ.

ಇನ್ನು ಟೆಕ್ನೋ. ಇದು ಕಾರು ತಯಾರಾಗುವ ಡೆಟ್ರಾಯಿಟ್ ಸುತ್ತಲಿನದು. ಪಕ್ಕದ ಬೆಲ್‌ವಿಲ್ ಊರಿನ ಶಾಲೆಯಲ್ಲಿ ಒಟ್ಟಿಗೆ ಓದಿದ ಮೂವರು ಕಪ್ಪು ಹುಡುಗರು, ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್, 1980ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟರು. ಅವರ ಬಳಗದ ಕೈಗೆ ಸಿಕ್ಕಿದ್ದು ಜಪಾನಿನ ರೋಲಂಡ್ ಕಂಪನಿಯ ಡ್ರಮ್ ಯಂತ್ರಗಳು. 1980ರಲ್ಲಿ ಬಂದ ಟಿಆರ್-808, 1983ರಲ್ಲಿ ಬಂದ ಟಿಆರ್-909. ನಿಜವಾದ ಡ್ರಮ್ಮಿನ ಹಾಗೆ ಕೇಳುವುದಿಲ್ಲ ಅಂತ ಅವು ಮಾರುಕಟ್ಟೆಯಲ್ಲಿ ಸೋತಿದ್ದವು. ಸೋತ ಸಾಮಾನು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂತು, ದುಡ್ಡಿಲ್ಲದ ಹುಡುಗರಿಗೆ ಸಿಕ್ಕಿತು.

ಆ ಸಂಗೀತಕ್ಕೆ ಹೆಸರು ಗಟ್ಟಿಯಾಗಿದ್ದು ಹೇಗೆ ಅನ್ನುವುದು ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟಿದ್ದು. 1988ರಲ್ಲಿ ಬ್ರಿಟನ್ನಿನಲ್ಲಿ ಡೆಟ್ರಾಯಿಟ್‌ನವರ ಟ್ರ್ಯಾಕುಗಳನ್ನು ಸೇರಿಸಿ ಒಂದು ಕಂಪೈಲೇಶನ್ ಬಂತು. ಅದನ್ನು ಮೊದಲು ಷಿಕಾಗೋದ ಹೌಸ್ ಅನ್ನುವ ಕುಣಿತದ ಸಂಗೀತದ ಹೆಸರಲ್ಲೇ ಬಿಡುವ ಯೋಚನೆ ಇತ್ತು. ಆಟ್ಕಿನ್ಸ್ ಕೊಟ್ಟ ಟ್ರ್ಯಾಕಿನ ಹೆಸರಿನಲ್ಲಿ ಟೆಕ್ನೋ ಅಂತ ಇತ್ತು. ಆಲ್ಬಮ್ಮಿನ ಹೆಸರನ್ನೇ ಬದಲಾಯಿಸಿ 'ಟೆಕ್ನೋ! ದಿ ನ್ಯೂ ಡಾನ್ಸ್ ಸೌಂಡ್ ಆಫ್ ಡೆಟ್ರಾಯಿಟ್' ಅಂತ ಇಟ್ಟರು. ಅಂದರೆ ಇಡೀ ಒಂದು ಸಂಗೀತಕ್ಕೆ ನಾಮಕರಣ ಆಗಿದ್ದು ಕಂಪೈಲೇಶನ್ ಹೊದಿಕೆಯ ಮೇಲೆ. ಮರುವರ್ಷ ಬರ್ಲಿನ್ ಗೋಡೆ ಬಿತ್ತು. ಖಾಲಿ ಬಿದ್ದ ಕಟ್ಟಡಗಳಿಗೆ ಹುಡುಗರು ನುಗ್ಗಿದರು. 1991ರಲ್ಲಿ ಅಲ್ಲಿ ತೆರೆದ ಟ್ರೆಸರ್ ಕ್ಲಬ್ ಇದ್ದಿದ್ದು ಹಳೆಯ ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ. ಬರ್ಲಿನ್ನಿನ ಟೆಕ್ನೋವನ್ನು ಜರ್ಮನಿ 2024ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಇತ್ತ ಬ್ರಿಟನ್ನಿನ ಇನ್ನೊಂದು ಲೋಹದ ಊರು ಬರ್ಮಿಂಗ್‌ಹ್ಯಾಮಿನಲ್ಲಿ ಸರ್ಜನ್, ರೀಜಿಸ್ ಅನ್ನುವ ಹೆಸರಿನವರು ಹಳೆಯ ಇಂಡಸ್ಟ್ರಿಯಲ್ ಒರಟುತನವನ್ನು ಟೆಕ್ನೋದ ಹೊಡೆತಕ್ಕೆ ಬೆಸೆದರು. ಅಣ್ಣನ ಮಗ ತಂದ ಪ್ಲೇಟು ಈ ವಂಶದ್ದು.

ಟೆಕ್ನೋ ಕೇಳೋಕೆ ಒಂದು ಲೆಕ್ಕ ಗೊತ್ತಿದ್ದರೆ ಸಾಕು. ಧಂ ಧಂ ಧಂ ಧಂ, ನಾಲ್ಕು ಸಮ ಹೊಡೆತ. ನಿಮಿಷಕ್ಕೆ ಹೆಚ್ಚುಕಮ್ಮಿ 120ರಿಂದ 150. ಪಲ್ಲವಿ, ಚರಣ ಬರುತ್ತದೆ ಅಂತ ಕಾಯಬೇಡಿ, ಬರುವುದಿಲ್ಲ. ಹೊಡೆತ ಹಾಗೇ ಇರುತ್ತದೆ, ಅದರ ಸುತ್ತ ಏನೋ ಒಂದು ನಿಧಾನಕ್ಕೆ ಬದಲಾಗುತ್ತಿರುತ್ತದೆ. ಡೊಳ್ಳು ಕುಣಿತದಲ್ಲಿ ಎದೆಗೆ ಬಡಿಯುವ ತಳದ ಹೊಡೆತ ಒಂದೇ ಸಮ ಇದ್ದು, ತಾಳ ಗತಿ ಬದಲಾಯಿಸಿದಾಗ ಮೈ ಜುಮ್ ಅನ್ನುತ್ತದಲ್ಲ, ಅಷ್ಟೇ. ಮತ್ತೊಂದು ಮಾತು: ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಆ ಧಂ ಅನ್ನುವುದು ಸೆಕೆಂಡಿಗೆ ಸುಮಾರು 50 ಕಂಪನದ ಸದ್ದು. ಫೋನಿಗೆ ಅದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಬರೀ ಟಿಕ್ ಟಿಕ್ ಕೇಳಿ "ಇದರಲ್ಲೇನಿದೆ" ಅನ್ನುವವರು ಬಹಳ.

ಈಗ ಪ್ಲೇಟಿಗೆ ಬರೋಣ. ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಇದೇ.

ಮೊದಲ ಕಾಲದ ಪ್ಲೇಟುಗಳು ಅರಗಿನವು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಹಿಡಿದಾಗಿನಿಂದ ನಮ್ಮ ದೇಶದ ಪ್ಲೇಟಿನ ಕಥೆ ಶುರು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅರಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಕೈ ಜಾರಿದರೆ ಹಂಚಿನ ಹಾಗೆ ಒಡೆಯುತ್ತಿತ್ತು. 1948ರಲ್ಲಿ ವಿನೈಲ್ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ಲಾಂಗ್ ಪ್ಲೇ ಪ್ಲೇಟು ಬಂತು, ನಿಮಿಷಕ್ಕೆ ಮೂವತ್ತಮೂರೂ ಮತ್ತು ಮೂರನೇ ಒಂದು ಸುತ್ತು. ವಿನೈಲ್ ಅಂದರೆ ಬೇರೇನಲ್ಲ, ನಮ್ಮ ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪಿನ ಜಾತಿಯದೇ.

ಒಂದು ಬದಿಯಲ್ಲಿ ಎಷ್ಟು ಗೆರೆ ಇರುತ್ತವೆ ಹೇಳಿ? ಬಹಳ ಜನ ಸಾವಿರ, ಐನೂರು ಅನ್ನುತ್ತಾರೆ. ಇರುವುದು ಒಂದೇ. ಹೊರ ಅಂಚಿನಿಂದ ಸುರುಳಿ ಸುತ್ತುತ್ತಾ ಒಳಗೆ ಹೋಗುವ ಒಂದೇ ಗೆರೆ. ಬಿಡಿಸಿ ಎಳೆದರೆ 20 ನಿಮಿಷದ ಒಂದು ಬದಿಯಲ್ಲಿ 400 ಮೀಟರಿಗೂ ಉದ್ದ. ಅದರ ಗೋಡೆಗಳು ಸದ್ದಿನ ಆಕಾರದಲ್ಲೇ ಅಂಕುಡೊಂಕು. ಮುಳ್ಳು ಆ ಡೊಂಕಿನಲ್ಲಿ ಅಲುಗಾಡುತ್ತದೆ, ಆ ಅಲುಗಾಟ ಕರೆಂಟಾಗುತ್ತದೆ, ಕರೆಂಟು ಸ್ಪೀಕರನ್ನು ಅಲುಗಿಸುತ್ತದೆ.

ಸಂಗೀತ ಡಿಜಿಟಲ್ ಆಗಿದ್ದಾಗ ಅದಕ್ಕೆ ಮೈ ಇರುವುದಿಲ್ಲ. ಪ್ಲೇಟಿಗೆ ಬಂದ ಕೂಡಲೇ ಅದು ಜಾಗ ಕೇಳುತ್ತದೆ. ತಳದ ದಪ್ಪ ಸದ್ದಿಗೆ ಡೊಂಕು ಅಗಲ ಬೇಕು. ಅಡಿಕೆ ತೋಟದಲ್ಲಿ ಬಸಿಗಾಲುವೆ ಅಗಲ ಮಾಡಿದಷ್ಟೂ ಮರದ ಸಾಲು ಕಮ್ಮಿಯಾಗುವ ಹಾಗೆ, ಗೆರೆ ಅಗಲವಾದಷ್ಟೂ ಆ ಬದಿಯಲ್ಲಿ ಹಿಡಿಸುವ ನಿಮಿಷ ಕಮ್ಮಿ. ಇದಕ್ಕೆ 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ಸೇರಿ ಒಂದು ಉಪಾಯ ಒಪ್ಪಿಕೊಂಡವು. ಕೊರೆಯುವಾಗ ತಳದ ಸದ್ದನ್ನು ತಗ್ಗಿಸಿ ಚೂಪು ಸದ್ದನ್ನು ಏರಿಸುವುದು, ನುಡಿಸುವಾಗ ಆಂಪ್ಲಿಫೈಯರಿನಲ್ಲಿ ಅದನ್ನೇ ತಿರುಗಿಸಿ ಸರಿ ಮಾಡುವುದು. ಎರಡು ತುದಿಯಲ್ಲೂ ಸುಮಾರು 20 ಡೆಸಿಬಲ್‌ನಷ್ಟು ವ್ಯತ್ಯಾಸ. ಹಾಡು, ಪಿಟೀಲು, ಕೊಳಲಿಗೆ ಇದು ಒಳ್ಳೆಯ ವ್ಯವಸ್ಥೆ. ನಾಯ್ಸ್ ಸಂಗೀತಕ್ಕೆ ಇದೇ ತಲೆನೋವು. ಮೊದಲೇ ಚೂಪು ಸದ್ದು ತುಂಬಿದ ಮಳೆ, ಅದನ್ನು ಇನ್ನೂ ಏರಿಸಿ ಕೊರೆಯಬೇಕು. ಕೊರೆಯುವ ತಲೆಯೊಳಗಿನ ಸಣ್ಣ ಸುರುಳಿ ತಂತಿಗಳು ಕಾದು ಸುಟ್ಟೇ ಹೋಗಬಹುದು. ಕೆಲವು ಕೊರೆಯುವ ಯಂತ್ರಗಳಲ್ಲಿ ಅವನ್ನು ತಣ್ಣಗಿಡಲು ಹೀಲಿಯಂ ಅನಿಲ ಹಾಯಿಸುತ್ತಾರೆ. ಅಂದರೆ ಈ ಸಂಗೀತ ಕೇಳುವವರ ಕಿವಿಗೆ ಮುಂಚೆ ಯಂತ್ರವನ್ನೇ ಪರೀಕ್ಷೆ ಮಾಡುತ್ತದೆ.

ಇನ್ನೊಂದು ತೊಡಕು. ಸ್ಟೀರಿಯೋ ಪ್ಲೇಟಿನಲ್ಲಿ ಎಡ ಬಲ ಎರಡರಲ್ಲೂ ಒಂದೇ ಇರುವ ಸದ್ದು ಮುಳ್ಳನ್ನು ಪಕ್ಕಕ್ಕೆ ಅಲುಗಿಸುತ್ತದೆ. ಎಡಕ್ಕೊಂದು ಬಲಕ್ಕೊಂದು ಇರುವುದು ಮೇಲೆ ಕೆಳಗೆ ಅಲುಗಿಸುತ್ತದೆ. ತಳದ ದೊಡ್ಡ ಹೊಡೆತ ಮೇಲೆ ಕೆಳಗೆ ಬಂದರೆ ಮುಳ್ಳು ಗೆರೆಯಿಂದ ಎಗರಿಯೇ ಹೋಗುತ್ತದೆ. ಅದಕ್ಕೇ ಟೆಕ್ನೋದ ಧಂ ಯಾವಾಗಲೂ ನಟ್ಟನಡುವೆ.

ಇನ್ನು ವೇಗ. ಪ್ಲೇಟು ತಿರುಗುವುದು ಒಂದೇ ಸಮ. ಆದರೆ ಹೊರ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರಗೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹರಿಯುತ್ತದೆ. ಒಳಗೆ ಹೋದ ಹಾಗೆ 21ಕ್ಕೆ ಇಳಿಯುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಬೇಕು. ಚೂಪು ಸದ್ದುಗಳು ಅಲ್ಲಿ ಮಸುಕಾಗುತ್ತವೆ, ಒಡೆಯುತ್ತವೆ. ತಿಳಿದವರು ಅದಕ್ಕೇ ಜೋರಿನ ಟ್ರ್ಯಾಕನ್ನು ಹೊರಗೆ, ನಿಧಾನದ ಗುಂಯ್‌ಗುಡುವ ಟ್ರ್ಯಾಕನ್ನು ಒಳಗೆ ಇಡುತ್ತಾರೆ. ನಮ್ಮ ಪ್ಲೇಟಿನಲ್ಲೂ ನಾಲ್ಕು ಬದಿಗಳೂ ಅಬ್ಬರದಿಂದ ಶುರುವಾಗಿ ಜೀರುಂಡೆ ರಾಗದಲ್ಲಿ ಮುಗಿಯುತ್ತವೆ. ನಾನು ಅದನ್ನು ಕಥೆಯ ಏರಿಳಿತ ಅಂದುಕೊಂಡಿದ್ದೆ. ಅದು ರೇಖಾಗಣಿತ.

ಎರಡು ಪ್ಲೇಟು, ಬದಿಗೆ ಎರಡೇ ಟ್ರ್ಯಾಕು ಯಾಕೆ ಅನ್ನುವುದೂ ಈಗ ತಿಳಿಯಿತು. ಎಂಟನ್ನೂ ಒಂದೇ ಪ್ಲೇಟಿಗೆ ತುರುಕಿದರೆ ಗೆರೆ ಸಣ್ಣ, ಸದ್ದು ಸಣ್ಣ. ಹಾಗಾದರೆ ಒಬ್ಬೊಬ್ಬರೂ ತಮ್ಮದೇ ಪ್ಲೇಟು ಮಾಡಬಹುದಲ್ಲ? ಅಲ್ಲಿ ದುಡ್ಡಿನ ಲೆಕ್ಕ ಬರುತ್ತದೆ. ಮೊದಲು ಅಲ್ಯೂಮಿನಿಯಂ ತಟ್ಟೆಗೆ ಬಳಿದ ಮೆತ್ತನೆಯ ಲ್ಯಾಕರ್ ಮೇಲೆ ಗೆರೆ ಕೊರೆಯಬೇಕು. ಅದಕ್ಕೆ ಬೆಳ್ಳಿಯ ತೆಳು ಲೇಪ, ಅದರ ಮೇಲೆ ನಿಕ್ಕಲ್ ಬೆಳೆಸಿ ಬಿಡಿಸಿದರೆ ಉಬ್ಬು ಗೆರೆಯ ಅಚ್ಚು. ಕಾದ ವಿನೈಲ್ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಒತ್ತಿದರೆ ಪ್ಲೇಟು. ಚಕ್ಕುಲಿ ಒತ್ತಿದಷ್ಟು ಹೊತ್ತೂ ಆಗುವುದಿಲ್ಲ. ಖರ್ಚೆಲ್ಲ ಅಚ್ಚು ಮಾಡುವಲ್ಲಿ. 300 ಒತ್ತಿದರೂ ಅಷ್ಟೇ, 1,000 ಒತ್ತಿದರೂ ಅಷ್ಟೇ. ಈ ಸಂಗೀತಕ್ಕೆ ಲಕ್ಷ ಜನ ಗಿರಾಕಿಗಳಿಲ್ಲ. ಎಂಟು ಜನ ಸೇರಿದರೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ, ಒಬ್ಬನ ಅಭಿಮಾನಿ ಉಳಿದ ಏಳು ಜನರನ್ನೂ ಕೇಳುತ್ತಾನೆ. ಒಕ್ಕಲಿಗೆ ಮುಯ್ಯಾಳು ಸೇರಿದ ಹಾಗೆ. ಇನ್ನು ಆ ಲ್ಯಾಕರ್ ತಟ್ಟೆ ಮಾಡುತ್ತಿದ್ದ ದೊಡ್ಡ ಕಾರ್ಖಾನೆಗಳು ಜಗತ್ತಿನಲ್ಲಿ ಎರಡೇ. ಅದರಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ 2020ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಉಳಿದಿದ್ದು ಜಪಾನಿನದು ಒಂದು.

ಈಗ ಶೆಫೆರನ ಬೀಗದ ಗೆರೆಗೆ ಬರೋಣ. ಎಲ್‌ಪಿ ಒಂದು ಸುತ್ತು ತಿರುಗೋಕೆ 1.8 ಸೆಕೆಂಡು. ಆ ಒಂದು ಸುತ್ತಿನಲ್ಲಿ ನಾಲ್ಕು ಹೊಡೆತ ಕೂರಿಸಿ ಗೆರೆಯ ಬಾಲ ಅದಕ್ಕೇ ಕಟ್ಟಿದರೆ ನಿಮಿಷಕ್ಕೆ 133 ಹೊಡೆತ, ಚೂರು ಮೇಲೆ. ಟೆಕ್ನೋದ ವೇಗವೂ ಅದೇ! ಯಾರೋ ಕೂತು ಹೊಂದಿಸಿದ ಹಾಗಿದೆ. ಡೆಟ್ರಾಯಿಟ್‌ನ ಜೆಫ್ ಮಿಲ್ಸ್ 1994ರಲ್ಲಿ ಇಂಥ ಬೀಗದ ಗೆರೆಗಳಿದ್ದ ಪ್ಲೇಟು ತಂದ. ಮುಳ್ಳು ಇಟ್ಟರೆ ನಾವೇ ಎತ್ತುವ ತನಕ ಅದೇ ಲೂಪು. ನಮ್ಮ ಪ್ಲೇಟಿನ ನಾಲ್ಕನೇ ಬದಿಯ ಕೊನೆಯಲ್ಲೂ ಅಂಥದ್ದೊಂದು ಇತ್ತು. ಗೊತ್ತಿಲ್ಲದೆ ಊಟಕ್ಕೆ ಕೂತೆವು. ಸಾರು ಮುಗಿದು ಮಜ್ಜಿಗೆಗೆ ಬಂದರೂ ಟ್ರ್ಯಾಕು ಮುಗಿದಿರಲಿಲ್ಲ.

ಇಂಥ ರೆಕಾರ್ಡಿನಲ್ಲಿ ಒಂದು ಮೋಜಿನ ಕಷ್ಟ ಉಂಟು. ಯಾವ ಸದ್ದು ಸಂಗೀತದ್ದು, ಯಾವುದು ನಮ್ಮ ಮನೆಯದು? ಸುಗಮ ಸಂಗೀತದ ಪ್ಲೇಟಿನಲ್ಲಿ ಚರಚರ ಅಂದರೆ ಧೂಳು ಅಂತ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಚರಚರ, ಗುಂಯ್, ಕಿರ್ ಎಲ್ಲ ಬೇಕಂತಲೇ ಹಾಕಿರುತ್ತಾರೆ. ದೊಡ್ಡಪ್ಪ ಇದನ್ನು ಕಾರ್ಖಾನೆಯ ಕ್ರಮದಲ್ಲಿ ಒಂದೊಂದೇ ಕಳೆಯುತ್ತಾ ಬಂದರು. ಪ್ಲೇಟು ನಿಲ್ಲಿಸಿ, ಮುಳ್ಳು ಎತ್ತಿ, ವಾಲ್ಯೂಮ್ ಹಾಗೇ ಬಿಡು ಅಂದರು. ಗುಂಯ್ ಅನ್ನುವುದು ಹಾಗೇ ಇತ್ತು. ಅಂದರೆ ಅದು ಪ್ಲೇಟಿನದಲ್ಲ, ನಮ್ಮ ಅರ್ಥಿಂಗ್ ಸರಿಯಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಆಗುವುದು, ಟೆಕ್ನೋದ ಧಂ ಕೂಡ ಅದರ ಆಸುಪಾಸಿನದೇ. ಹಾಗಾಗಿ ಎರಡೂ ಬೆರೆತು ಕೂತಿದ್ದವು. ಟರ್ನ್‌ಟೇಬಲ್ ಹಿಂದಿನ ಸಣ್ಣ ತಂತಿಯನ್ನು ಆಂಪ್ಲಿಫೈಯರಿನ ತಿರುಪಿಗೆ ಬಿಗಿದ ಮೇಲೆ ನಿಂತಿತು. ಆಮೇಲೆ ಮೂರನೇ ಬದಿಯಲ್ಲಿ ಒಂದು ಟಕ್. ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಅದು ಪ್ಲೇಟಿನ ಮೇಲಿನ ಗೀರು. ಇದು ಹಾಗಲ್ಲದೆ ಮನಸ್ಸಿಗೆ ಬಂದ ಹಾಗೆ ಬರುತ್ತಿತ್ತು. ನೋಡಿದರೆ ಬೂಷ್ಟು. ಆಷಾಢದ ಶಿವಮೊಗ್ಗದಲ್ಲಿ ಚಪ್ಪಲಿ, ಬೆಲ್ಟು, ಉಪ್ಪಿನಕಾಯಿ ಭರಣಿ ಯಾವುದನ್ನೂ ಬಿಡದ ಬೂಷ್ಟು ಪ್ಲೇಟನ್ನು ಬಿಡುತ್ತದಾ? ವಿನೈಲನ್ನು ಅದು ತಿನ್ನುವುದಿಲ್ಲ, ಆದರೆ ಕಾಗದದ ಒಳಹೊದಿಕೆಗೆ ಬಂದು ಗೆರೆಯೊಳಗೆ ಕೂರುತ್ತದೆ. ಸ್ವಚ್ಛ ಬಟ್ಟೆ, ಶುದ್ಧ ನೀರು, ಗೆರೆ ಹೋದ ದಿಕ್ಕಿನಲ್ಲೇ ಒರೆಸಿದೆವು. ಈಗ ಪ್ಲಾಸ್ಟಿಕ್ ಒಳಹೊದಿಕೆ ಹಾಕಿ, ನಿಲ್ಲಿಸಿ, ಗೋಡೆಗೆ ತಾಗದ ಹಾಗೆ ಇಟ್ಟಿದ್ದೇನೆ. ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಬಾಗುತ್ತವೆ.

ಉಳಿದಿದ್ದು ಎರಡನೇ ಟ್ರ್ಯಾಕು, ಆ ಬೇರಿಂಗ್. ದೊಡ್ಡಪ್ಪ ಒಂದು ಸಣ್ಣ ಕಾಗದದ ಚೂರನ್ನು ಪ್ಲೇಟಿನ ಅಂಚಿಗೆ ಸಿಕ್ಕಿಸಿದರು. ಕೈಯಲ್ಲಿ ಹಳೆಯ ಎಚ್‌ಎಂಟಿ ವಾಚು. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು, ಲೆಕ್ಕ ಸುಲಭ. ನಾನು ಎಣಿಸಿದೆ. 97 ಬಂತು. ಮತ್ತೆ ಎಣಿಸಿದೆ. 96, ಮತ್ತೊಂದು ಸಲ 97. ತಟ್ಟೆ ಎತ್ತಿ ನೋಡಿದರೆ ರಬ್ಬರ್ ಬೆಲ್ಟು ಸಡಿಲ, ಜಾರುತ್ತಿತ್ತು. ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ಮಾರಿದವನು ಬೆಲ್ಟು ಹೊಸದು ಅಂದಿದ್ದ. 133 ಹೊಡೆತದ ಟ್ರ್ಯಾಕು ನಮ್ಮ ಮನೆಯಲ್ಲಿ 129ಕ್ಕೆ ಓಡುತ್ತಾ, ನಡುನಡುವೆ ತೂಕಡಿಸುತ್ತಾ ಇತ್ತು.

ಹೊಸ ಬೆಲ್ಟು ಕೊರಿಯರಿನಲ್ಲಿ ಬರೋಕೆ ಐದು ದಿನ ಆಯಿತು. ಹಾಕಿ ಎಣಿಸಿದೆವು, 100. ಎರಡನೇ ಟ್ರ್ಯಾಕು ಇಟ್ಟೆವು. ತೂಕಡಿಕೆ ಹೋಗಿತ್ತು, ಆದರೆ ಲೋಹ ಲೋಹಕ್ಕೆ ತಿಕ್ಕುವ ಆ ಗರಗರ ಹಾಗೇ ಇತ್ತು. ದೊಡ್ಡಪ್ಪ ಪೂರ್ತಿ ಆರು ನಿಮಿಷ ಕೇಳಿದರು.

"ನಮ್ದು ಸರಿ ಹೋಯ್ತು. ಈಗ ಕೇಳ್ತಿರೋದು ಅವರ ಬೇರಿಂಗು" ಅಂದರು.